ಒಂದು ಸಣ್ಣ ಬದಲಾವಣೆ

“ಏನಿಲ್ಲ ಸಾರ್, ಒಂದೇ ಒಂದು ಸಣ್ಣ ಬದಲಾವಣೆ.” ಮನೆಯಲ್ಲೇ ಕುಳಿತು ಕಂಪನಿಗಳಿಗೆ ಅನಿಮೇಷನ್ ಮಾಡಿಕೊಡುವ ಯಾರನ್ನೇ ಕೇಳಿ, ಅವರ ನಿದ್ದೆ ಕೆಡಿಸುವ ಮಾತು ಇದೇ.

ನಮ್ಮ ಟಿ.ವಿ.ಗೆ ಸೆಕೆಂಡಿಗೆ 25 ಚಿತ್ರ ಬೇಕು. 30 ಸೆಕೆಂಡಿನ ಜಾಹೀರಾತೆಂದರೆ 750. ಎಲ್ಲವನ್ನೂ ಕೈಯಲ್ಲಿ ಬರೆಯಬೇಕಿಲ್ಲ, ನಿಜ. ಆಫ್ಟರ್ ಎಫೆಕ್ಟ್ಸ್‌ನಂಥ ಸಾಫ್ಟ್‌ವೇರಿಗೆ ಮೊದಲ ಮತ್ತು ಕೊನೆಯ ಭಂಗಿ ಕೊಟ್ಟರೆ ನಡುವಿನದನ್ನು ಅದೇ ತುಂಬುತ್ತದೆ. ಆದರೆ ಹಾಗೇ ಬಿಟ್ಟರೆ ಅದು ಜೀವವಿಲ್ಲದ ಒಂದೇ ಓಟ. ಚೆಂಡು ಮೇಲೇರುತ್ತ ನಿಧಾನವಾಗಬೇಕು, ಬೀಳುತ್ತ ವೇಗ ಹೆಚ್ಚಬೇಕು, ನೆಲ ಮುಟ್ಟಿದಾಗ ಕೊಂಚ ಚಪ್ಪಟೆಯಾಗಬೇಕು. ಆ ಹದ ತರುವುದೇ ಕಸುಬು. ಹಿನ್ನೆಲೆ ಧ್ವನಿಗೆ ಒಂದು ವಾಕ್ಯ ಸೇರಿಸಿದರೆ ಸಾಕು, ಅಲ್ಲಿಂದ ಮುಂದಿನದೆಲ್ಲ ಜಾಗ ಬದಲಿಸಬೇಕು. ಅಂಗಿ ಹೊಲಿದಾದ ಮೇಲೆ ತೋಳು ಉದ್ದ ಮಾಡಪ್ಪಾ ಎಂದು ದರ್ಜಿಗೆ ಹೇಳಿದಂತೆ!

ಅನುಭವಿಗಳು ಮೊದಲೇ ಬರೆಸಿಕೊಳ್ಳುತ್ತಾರೆ: ಅರ್ಧ ಹಣ ಮುಂಗಡ, ಸ್ಟೋರಿಬೋರ್ಡ್ ಒಪ್ಪಿದ ಮೇಲೆಯೇ ಚಲನೆ, ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ದರ. ಹೊಸಬರಿಗೆ ಸಂಕೋಚ. ಕೆಲಸ ಇನ್ನೊಬ್ಬರ ಪಾಲಾದೀತೆಂಬ ಅವರ ಭಯ ಸುಳ್ಳೂ ಅಲ್ಲ.

ಇನ್ನು ಬಾಕಿ ವಸೂಲಿ. ಉದ್ಯಮ್ ನೋಂದಣಿ ಇದ್ದರೆ, ಒಬ್ಬರೇ ದುಡಿಯುವವರಿಗೂ, 2006ರ ಸಣ್ಣ ಉದ್ದಿಮೆಗಳ ಕಾಯಿದೆಯ ಆಸರೆಯಿದೆ. ಕರಾರು ಏನೇ ಇರಲಿ, ಕೆಲಸ ಒಪ್ಪಿಕೊಂಡವರು ಹಣ ಕೊಡಲು 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಬಡ್ಡಿ ಕೇಳಿದರೆ ಮತ್ತೆ ಕರೆಯುತ್ತಾರೆಯೇ ಎನ್ನುತ್ತೀರಿ. ಕೇಳದಿದ್ದರೂ ಬೇಡ, ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆಯನ್ನಂತೂ ಬರೆದಿಡಿ. ನೋಂದಣಿಗೆ ಶುಲ್ಕವಿಲ್ಲ.