ಪಾಕವು ಕೊಪ್ಪರಿಗೆಯಲ್ಲಿರುವಾಗಲೇ

ಮೂಡಲಗಿಯ ಕಡೆಯ ಗಾಣದಮನೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ, ಪಾಕ ನೋಡುವಾತನು ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಹೊರಳಿಸಿ, ಉಂಡೆಗಟ್ಟಿತೋ ಇಲ್ಲವೋ ಎಂದು ಪರೀಕ್ಷಿಸುವನಷ್ಟೆ. ಅಚ್ಚಿಗೆ ಸುರಿದ ಮೇಲೆ ಹದ ತಪ್ಪಿತೆಂದು ತಿಳಿದರೆ ಆ ಜ್ಞಾನದಿಂದ ಕವಡೆಯ ಲಾಭವೂ ಇಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳು ಸಕ್ಕರೆಯ ಸೀಮೆ. ಕಾಕಂಬಿಯಿಂದ ಮದ್ಯಸಾರವನ್ನು ತೆಗೆಯುವಾಗ, ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಎಥನಾಲೂ 88 ಗ್ರಾಂ ಇಂಗಾಲದ ಡೈ ಆಕ್ಸೈಡೂ ಹುಟ್ಟುತ್ತವೆ. ಬಹುಮಟ್ಟಿಗೆ ಶುದ್ಧವಾದ ಈ ಅನಿಲವು ಎಷ್ಟೋ ಕಡೆ ಗಾಳಿಯ ಪಾಲು. ಇದನ್ನು ಹರಿಯುವ ದ್ರಾವಣದ ವಿದ್ಯುತ್ ಕೋಶದೊಳಗೆ ಹಾಯಿಸಿ, ಬೆಳ್ಳಿಯ ಲೇಪದಿಂದ ಕಾರ್ಬನ್ ಮೊನಾಕ್ಸೈಡನ್ನೋ ತಾಮ್ರದ ಲೇಪದಿಂದ ಎಥಿಲೀನನ್ನೋ ಪಡೆಯಬಹುದು; ಈ ಲೋಹಗಳಿಗೆ ಆ ಗುಣವಿರುವುದನ್ನು ಜಪಾನಿನ ಯೋಶಿಯೋ ಹೋರಿಯವರ 1980ರ ದಶಕದ ಪ್ರಯೋಗಗಳು ತೋರಿಸಿಕೊಟ್ಟವು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂಗಾಲದ ಡೈ ಆಕ್ಸೈಡನ್ನು ಪಳಗಿಸುವ ಕ್ರಿಯಾವರ್ಧಕಗಳ ಶೋಧ ನಡೆದಿದೆ.

ಕ್ರಿಯಾವರ್ಧಕವು ತಾನು ಸವೆಯದೆ ಕ್ರಿಯೆಯನ್ನು ನಡೆಸುವುದೆಂದು ಶಾಲೆಯ ಪುಸ್ತಕ ಹೇಳುತ್ತದೆ; ಕೋಶದೊಳಗಿನ ತಾಮ್ರವು ಆ ಪುಸ್ತಕವನ್ನು ಓದಿದಂತೆ ಕಾಣದು. ಅದರ ಕಣಗಳು ಕರಗಿ ಬೇರೆಡೆ ಕೂಡುತ್ತವೆ. ಅನಿಲ ಹೋಗತಕ್ಕ ರಂಧ್ರಗಳಿಗೆ ದ್ರಾವಣ ನುಗ್ಗುತ್ತದೆ. ಪೊಟ್ಯಾಸಿಯಂ ಬೈಕಾರ್ಬೊನೇಟು ನೀರೊಲೆಯ ಹಂಡೆಯ ಸುಣ್ಣದಂತೆ ಬೆಳ್ಳಗೆ ಕಟ್ಟುತ್ತದೆ. ಇಷ್ಟಾದರೂ ಅಮ್ಮೀಟರಿನ ಮುಳ್ಳು ಕದಲದೆ ನಿಲ್ಲಬಹುದು, ಏಕೆಂದರೆ ಪ್ರವಾಹವು ಮೊದಲಿನಷ್ಟೇ ಹರಿದು, ಬೇಕಾದ ವಸ್ತುವಿಗೆ ಬದಲಾಗಿ ನೀರಿನಿಂದ ಹೈಡ್ರೋಜನನ್ನು ಬಿಡಿಸುತ್ತಿರುತ್ತದೆ. 1969ರಿಂದ ಸ್ವಂತ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ನಡೆಸಿಕೊಂಡು ಬಂದ ಹುಕ್ಕೇರಿಯ ಜನರಿಗೆ, ಯೂನಿಟ್ಟುಗಳು ಉರಿದೂ ಸರಕು ಹುಟ್ಟದಿರುವುದು ಎಂತಹ ನಷ್ಟವೆಂದು ವಿವರಿಸಬೇಕಾಗಿಲ್ಲ.

ಕೋಶವನ್ನು ನಿಲ್ಲಿಸಿ ಬಿಚ್ಚಿ ನೋಡೋಣವೆಂದರೆ, ವಿದ್ಯುತ್ತು ತಪ್ಪಿ ಗಾಳಿ ಸೋಂಕಿದೊಡನೆ ತಾಮ್ರದ ಮೇಲ್ಮೈ ಆಕ್ಸೈಡಾಗತೊಡಗುತ್ತದೆ. ಕೆಲಸ ಮಾಡುತ್ತಿದ್ದ ತಾಮ್ರವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದಕಾರಣ ನಡೆಯುತ್ತಿರುವಾಗಲೇ ನೋಡತಕ್ಕದ್ದು: ಗಾಜಿನ ಕಿಂಡಿಯಿಂದ ಲೇಸರ್ ಬೆಳಕನ್ನು ಬಿಟ್ಟು ರಾಮನ್ ರೋಹಿತವನ್ನು ಓದುವುದು ಒಂದು ಮಾರ್ಗ. ಕಿಂಡಿಯು ಸೋರುವುದು, ಉಪಕರಣ ದುಬಾರಿ ಎಂಬ ಆಕ್ಷೇಪವು ನ್ಯಾಯವಾದುದೇ. ಆ ಮಾರ್ಗವನ್ನು ಪ್ರಯೋಗಶಾಲೆಗೆ ಬಿಡೋಣ. ಆದರೆ ಹೊರಬರುವ ಅನಿಲದ ಪೃಥಕ್ಕರಣವನ್ನೂ, ಉಲ್ಲೇಖ ವಿದ್ಯುದಗ್ರವೊಂದನ್ನು ಒಳಗಿರಿಸಿ ಕ್ರಿಯಾವರ್ಧಕದ ಬದಿಯ ವೋಲ್ಟೇಜನ್ನು ಬೇರೆಯಾಗಿ ಅಳೆಯುವುದನ್ನೂ ಕಾರ್ಖಾನೆಯು ಬಿಡಲಾಗದು.

ಇಂತಹ ಯಂತ್ರವು ಮುಂದೆ ಘಟಪ್ರಭೆಯ ದಂಡೆಗೆ ಬರುವುದಾದರೆ, ಅನುದಾನ ಕೊಡುವವರು ಉದ್ಘಾಟನೆಯ ದಿನದ ಅಂಕಿಯನ್ನು ನೆಚ್ಚದೆ, ಸಾವಿರ ಗಂಟೆಗಳ ದಾಖಲೆಯನ್ನು ಕರಾರಿನಲ್ಲಿಯೇ ಕೇಳತಕ್ಕದ್ದೆಂದು ನನ್ನ ಅಭಿಪ್ರಾಯ. ಪಾಳಿಪಾಳಿಗೂ ರಸದ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿದ ಸಕ್ಕರೆಯ ಅಳತೆಯನ್ನು, ಬರೆದಿಡುವ ರೂಢಿಯು ಸಕ್ಕರೆ ಕಾರ್ಖಾನೆಗಳಲ್ಲಿ ಮೊದಲಿನಿಂದಲೂ ಇದೆ. ಅಂತಹುದೇ ವಹಿಯಲ್ಲಿ ಅನಿಲಕ್ಕೊಂದು, ವೋಲ್ಟೇಜಿಗೊಂದು ಕಲಮು ಗೆರೆ ಎಳೆದರೆ ಸಾಕು.