ಇಪ್ಪತ್ತೈದು ವರ್ಷದ ಗ್ಯಾರಂಟಿ ಕಾರ್ಡು

ಈ ಸಲ ಹಬ್ಬಕ್ಕೆ ಕುಮಾರಪಟ್ಟಣಕ್ಕೆ ಹೋದಾಗ ಚಹಾ ಕುಡಿಯುತ್ತಾ ಕೂತಿದ್ದ ಅಣ್ಣನ ಮಗ ಒಮ್ಮೆಲೇ ಬಾಂಬ್ ಹಾಕಿದ. "ಕಾಕಾ, ರಾಣೇಬೆನ್ನೂರ ರೋಡಿನ ಹೊಲಾ ಮಾರಿ ಸೋಲಾರ್ ಪ್ಯಾನಲ್ ಮಾಡೋ ಫ್ಯಾಕ್ಟರಿ ಹಾಕ್ಬೇಕಂತ ಮಾಡೇನಿ. ನೀ ಏನಂತಿ?"

ಅಣ್ಣ ನನ್ನ ಮುಖ ನೋಡಿದ. ಅತ್ತಿಗೆ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತರು. ಬೆಂಗಳೂರಲ್ಲಿ ಇಂಜಿನಿಯರ್ ಆದವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮ ಮನೆಯವರ ಗಟ್ಟಿ ನಂಬಿಕೆ :-)

ಹುಡುಗನ ಹತ್ತಿರ ಯಾರೋ ಕನ್ಸಲ್ಟೆಂಟ್ ಬರೆದುಕೊಟ್ಟ ಪ್ರಾಜೆಕ್ಟ್ ರಿಪೋರ್ಟ್ ಇತ್ತು. ಅದರಲ್ಲಿ 'ನಮ್ಮ ಸ್ಪರ್ಧಾತ್ಮಕ ಅನುಕೂಲಗಳು' ಅಂತ ಒಂದು ಪುಟ. ಕಡಿಮೆ ಬೆಲೆಯ ಜಾಗ, ಕಡಿಮೆ ಸಂಬಳಕ್ಕೆ ಸಿಗುವ ಕೆಲಸಗಾರರು, ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ, ಸರ್ಕಾರದ ಸಬ್ಸಿಡಿ. ಮುಂದಿನ ಪುಟದಲ್ಲಿ 'ಸುಸ್ಥಿರತೆ' ಅನ್ನುವ ತಲೆಬರಹದ ಕೆಳಗೆ ಹಸಿರು ಎಲೆಯ ಚಿತ್ರ, ಎರಡೇ ಸಾಲು. ಸೂರ್ಯನ ಶಕ್ತಿ ಸ್ವಚ್ಛ, ಆದ್ದರಿಂದ ನಮ್ಮ ಫ್ಯಾಕ್ಟರಿಯೂ ಸ್ವಚ್ಛ ಅಂತ. ಅಷ್ಟೇ!

ನಾನು ಆ ದಿನ ಸರಿಯಾಗಿ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದ್ದನ್ನ ಇಲ್ಲಿ ಬರೀತಿದ್ದೀನಿ. ಅವನೂ ಓದ್ತಾನೆ, ಓದಲಿ.

ಮೊದಲನೆಯದಾಗಿ, ನಮ್ಮೂರಿನವರಿಗೆ ಫ್ಯಾಕ್ಟರಿ ಹೊಸದಲ್ಲ. 1970ರ ದಶಕದಿಂದಲೂ ತುಂಗಭದ್ರೆಯ ದಂಡೆಯ ಮೇಲೆ ಹರಿಹರ ಪಾಲಿಫೈಬರ್ಸ್ ಇದೆ. ನೀಲಗಿರಿ ಕಟ್ಟಿಗೆಯಿಂದ ಪಲ್ಪ್, ಪಲ್ಪಿನಿಂದ ವಿಸ್ಕೋಸ್ ನೂಲಿನ ಎಳೆ. ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ, ಅದನ್ನ ಇಲ್ಲ ಅನ್ನೋಕಾಗಲ್ಲ. ಅದರ ಅನುಕೂಲ ಏನಿತ್ತು? ನದಿಯ ನೀರು ಮತ್ತು ಕಟ್ಟಿಗೆ. ಆ ಎರಡೂ ಫ್ಯಾಕ್ಟರಿಯೊಳಗೆ ಹುಟ್ಟಿದ್ದಲ್ಲ, ಎಲ್ಲರದ್ದೂ ಆಗಿದ್ದವು. ಹಾಗಾಗಿ ಜಗಳವೂ ಅಲ್ಲೇ ಶುರುವಾಯಿತು. ನದಿ ಮಾಲಿನ್ಯದ ವಿರುದ್ಧದ ಹೋರಾಟದಲ್ಲೇ 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಅದೇ ವರ್ಷ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಮಾಡಿ, ನೀಲಗಿರಿ ಬೆಳೆಯೋಕೆ ಸುಮಾರು 75,000 ಎಕರೆ ಗೋಮಾಳ ಮತ್ತು ಬಂಜರು ಭೂಮಿ ಕೊಡುವ ಯೋಜನೆ ಹಾಕಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಆ ಜಂಟಿ ಕಂಪನಿಯನ್ನೇ ಮುಚ್ಚಬೇಕಾಯಿತು.

ಹೊಳೆಯ ಆಚೆ ದಂಡೆಗೆ ಹರಿಹರ. ಅಲ್ಲಿ ಮೈಸೂರು ಕಿರ್ಲೋಸ್ಕರ್ ಇತ್ತು. ಅಲ್ಲಿನ ಲೇಥ್ ಮಷೀನಿಗೆ ದೇಶದಲ್ಲೆಲ್ಲಾ ಹೆಸರು. ಮಷೀನಿನ ಕಾಲವೇ ಬದಲಾಗಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಬಂತು, 2000ದ ಆಸುಪಾಸಿನಲ್ಲಿ ಅದು ನಿಂತೇ ಹೋಯಿತು. ಕುಶಲ ಕೆಲಸಗಾರರು ಇದ್ದರು, ಹೆಸರಿತ್ತು, ಜಾಗವಿತ್ತು. ಆದರೂ ನಿಂತಿತು.

ಒಂದೇ ಹೊಳೆ, ಎರಡು ದಂಡೆ, ಎರಡು ಪಾಠ. ನಮ್ಮ ಹುಡುಗನ ರಿಪೋರ್ಟಿನಲ್ಲಿ ಎರಡೂ ಇಲ್ಲ.

ಈಗ ಪ್ಯಾನಲ್ ವಿಷಯಕ್ಕೆ ಬರೋಣ. ಅವನು ಹಾಕಬೇಕೆಂದಿರೋದು ಜೋಡಣೆ ಘಟಕ. ಸೆಲ್ ತರಿಸೋದು, ಬೆಸುಗೆ ಹಾಕೋದು, ಗಾಜಿನ ಕೆಳಗೆ ಇವಿಎ ಹಾಳೆಗಳ ನಡುವೆ ಇಟ್ಟು ಲ್ಯಾಮಿನೇಟರಿನಲ್ಲಿ ಸುಮಾರು 150 ಡಿಗ್ರಿಗೆ ಬೇಯಿಸೋದು, ಅಲ್ಯುಮಿನಿಯಂ ಚೌಕಟ್ಟು ಹಾಕಿ ಕಳಿಸೋದು. ಕೇಳೋಕೆ ರೊಟ್ಟಿ ಬಡಿದಷ್ಟೇ ಸುಲಭ. ಆದರೆ ಖರ್ಚಿನ ದೊಡ್ಡ ಪಾಲು ಸೆಲ್‌ಗಳದ್ದು. ಸೆಲ್‌ನ ಹಿಂದೆ ವೇಫರ್, ಅದರ ಹಿಂದೆ ಪಾಲಿಸಿಲಿಕಾನ್. ಈ ಎಲ್ಲಾ ಹಂತಗಳಲ್ಲೂ ಶೇಕಡಾ 80ಕ್ಕಿಂತ ಹೆಚ್ಚು ಚೀನಾದ ಕೈಯಲ್ಲಿದೆ ಅಂತ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಲೆಕ್ಕ ಕೊಟ್ಟಿತ್ತು. 2022ರಲ್ಲಿ ವ್ಯಾಟಿಗೆ 25 ಸೆಂಟ್ಸ್ ಹತ್ತಿರವಿದ್ದ ಚೀನೀ ಪ್ಯಾನಲ್ 2024ಕ್ಕೆ 10 ಸೆಂಟ್ಸಿಗೆ ಇಳಿಯಿತು. ಅದನ್ನ ಕುಮಾರಪಟ್ಟಣದ ಕಡಿಮೆ ಸಂಬಳದಿಂದ ಎದುರಿಸ್ತೀನಿ ಅಂದ್ರೆ ನಗು ಬರುತ್ತೆ.

"ಕಾಕಾ, ಟ್ಯಾಕ್ಸ್ ಐತಲ್ಲ" ಅಂದ. ಹೌದು, ಇದೆ. 2022ರ ಏಪ್ರಿಲಿನಿಂದ ಹೊರಗಿನ ಪ್ಯಾನಲ್ಲಿಗೆ ಶೇಕಡಾ 40, ಸೆಲ್ಲಿಗೆ 25 ಸುಂಕ ಹಾಕಿದರು. 2024ರ ಏಪ್ರಿಲಿನಿಂದ ಸರ್ಕಾರಿ ಯೋಜನೆಗಳಿಗೆ ಅನುಮೋದಿತ ಪಟ್ಟಿಯ ಪ್ಯಾನಲ್ಲೇ ಬೇಕು. ಆದರೆ ಈ ಗೋಡೆಯ ಒಳಗೆ ಇರೋದು ಇವನೊಬ್ಬನೇ ಅಲ್ಲ. 2025ರ ಆಗಸ್ಟಿನಲ್ಲಿ ಆ ಪಟ್ಟಿಯ ಒಟ್ಟು ಸಾಮರ್ಥ್ಯ ವರ್ಷಕ್ಕೆ 100 ಗಿಗಾವ್ಯಾಟ್ ದಾಟಿತು. ದೇಶದಲ್ಲಿ 2024-25ರ ಇಡೀ ವರ್ಷ ಹೊಸದಾಗಿ ಹಾಕಿದ್ದು ಸುಮಾರು 24 ಗಿಗಾವ್ಯಾಟ್. ಲೆಕ್ಕ ನೀವೇ ಹಾಕಿ. ಮೇಲಾಗಿ 2026ರ ಜೂನ್ 1ರಿಂದ ಸೆಲ್‌ಗಳಿಗೂ ಪಟ್ಟಿ ಅಂತ 2024ರ ಡಿಸೆಂಬರಿನಲ್ಲೇ ಆದೇಶವಾಯಿತು. ಅಂದರೆ ಬರೀ ಜೋಡಿಸುವವನು ಚೀನಾದ ಬದಲು ಇಲ್ಲಿನ ದೊಡ್ಡ ಕಂಪನಿಯ ಮುಂದೆ ಸೆಲ್ಲಿಗಾಗಿ ಕೈ ಚಾಚಬೇಕು. ಆ ದೊಡ್ಡ ಕಂಪನಿಯೂ ಪ್ಯಾನಲ್ ಮಾರ್ತದೆ!

ಮಷೀನಿನ ಕಥೆ ಇನ್ನೂ ಚೆನ್ನಾಗಿದೆ. ಸೆಲ್ ಮೊದಲು 156 ಮಿಲಿಮೀಟರ್ ಇತ್ತು, ಆಮೇಲೆ 166, ಆಮೇಲೆ 182, 210. ಪರ್ಕ್ ಅಂತಿದ್ದವರು ಈಗ ಟಾಪ್‌ಕಾನ್ ಅಂತಾರೆ. ಕೆಲವೇ ವರ್ಷದಲ್ಲಿ ಇಷ್ಟು ಬದಲಾವಣೆ. ಬ್ಯಾಂಕಿನ ಸಾಲ ತೀರೋ ಮುಂಚೆ ಮಷೀನು ಗುಜರಿ. ಕಿರ್ಲೋಸ್ಕರ್ ಲೇಥ್‌ಗೆ ಐವತ್ತು ವರ್ಷವಾದರೂ ಸಿಕ್ಕಿತ್ತು.

ಹಾಗಾದ್ರೆ ಸಣ್ಣವರಿಗೆ ಜಾಗವೇ ಇಲ್ವಾ? ಇದೆ ಅಂತ ನನಗನ್ನಿಸೋದು. ಆದರೆ ಅದು ಬೆಲೆಯಲ್ಲಿ ಇಲ್ಲ.

ನಮ್ಮ ರಾಣೇಬೆನ್ನೂರು ಸೀಮೆ ಹೈಬ್ರಿಡ್ ಬೀಜಕ್ಕೆ ಹೆಸರುವಾಸಿ. ಹತ್ತಿ, ತರಕಾರಿ ಹೂವನ್ನ ಒಂದೊಂದಾಗಿ ಕೈಯಿಂದ ಬಿಡಿಸಿ ಪರಾಗ ಹಚ್ಚುವ ಹೆಣ್ಣುಮಕ್ಕಳನ್ನ ನೋಡಿಯೇ ಬೆಳೆದವರು ನಾವು. ಬೀಜ ಕೆಟ್ಟದ್ದಿದ್ದರೆ ಒಂದೇ ಹಂಗಾಮಿನಲ್ಲಿ ಗೊತ್ತಾಗಿ ರೈತ ಅಂಗಡಿ ಮುಂದೆ ಬಂದು ನಿಲ್ತಾನೆ. ಪ್ಯಾನಲ್ ಹಾಗಲ್ಲ. ಲ್ಯಾಮಿನೇಟರಿನಲ್ಲಿ ಎರಡು ನಿಮಿಷ ಕಡಿಮೆ ಬೇಯಿಸಿದರೆ ಇವತ್ತು ಏನೂ ಕಾಣಲ್ಲ. ಇವಿಎ ಸರಿಯಾಗಿ ಗಟ್ಟಿಯಾಗದೆ ವರ್ಷಗಳ ಮೇಲೆ ಪದರ ಬಿಡ್ತದೆ, ನೀರು ಒಳಗೆ ಹೋಗ್ತದೆ. ಸೆಲ್ಲಿನ ಕೂದಲೆಳೆಯ ಬಿರುಕು ಬರಿಗಣ್ಣಿಗೆ ಕಾಣಲ್ಲ, ಕತ್ತಲೆ ಕೋಣೆಯಲ್ಲಿ ಕರೆಂಟ್ ಹರಿಸಿ ಫೋಟೋ ತೆಗೆದರೆ ಮಾತ್ರ ಕಾಣೋದು. ಕೊಳ್ಳುವವನಿಗೆ ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ನೀಲಿ ಹಲಗೆ, ಅದಕ್ಕೇ ಅಗ್ಗದ್ದು ಕೇಳ್ತಾನೆ.

ಇದು ನಮ್ಮ ಮನೆಯಲ್ಲೇ ಆಗಿದೆ. ಅಪ್ಪ 2008ರಲ್ಲಿ ಮಾಳಿಗೆ ಮೇಲೆ ಎರಡು ಪ್ಯಾನಲ್ ಹಾಕಿಸಿದ್ದರು. ಆರೇಳು ವರ್ಷಕ್ಕೆ ಹಳದಿಯಾಗಿ ಹಿಂದಿನ ಹಾಳೆ ಹಪ್ಪಳದ ಹಾಗೆ ಎದ್ದಿತು. 25 ವರ್ಷದ ಗ್ಯಾರಂಟಿ ಕಾರ್ಡನ್ನ ಅಪ್ಪ ಹೊಲದ ಕಾಗದಪತ್ರಗಳ ಜೊತೆ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಫೋನ್ ಮಾಡಿದರೆ ಆ ನಂಬರೇ ಇಲ್ಲ, ಕಂಪನಿಯೂ ಇಲ್ಲ. ಅಪ್ಪ ಬೈಯಲಿಲ್ಲ. ಕಾರ್ಡನ್ನ ಮಡಚಿ ಮತ್ತೆ ಟ್ರಂಕಿನೊಳಗೇ ಇಟ್ಟರು.

ನನ್ನ ಪ್ರಕಾರ ಸ್ಪರ್ಧಾತ್ಮಕ ಅನುಕೂಲವೂ ಸುಸ್ಥಿರತೆಯೂ ಇರೋದು ಆ ಕಾರ್ಡಿನಲ್ಲೇ. ರಿಪೋರ್ಟಿನಲ್ಲಿ ಬೇರೆ ಬೇರೆ ಪುಟದಲ್ಲಿ ಹಾಕಿದ್ದು ಕನ್ಸಲ್ಟೆಂಟ್ ಮಾಡಿದ ತಪ್ಪು. ಪ್ಯಾನಲ್ ತಯಾರಿಸೋಕೆ ಹಿಡಿದ ಶಕ್ತಿಯನ್ನ ನಮ್ಮ ಬಿಸಿಲಿನಲ್ಲಿ ಅದು ಒಂದೆರಡು ವರ್ಷದಲ್ಲಿ ತೀರಿಸುತ್ತೆ. ಉಳಿದ ವರ್ಷಗಳೆಲ್ಲಾ ಲಾಭ. 25 ವರ್ಷ ಬಾಳಬೇಕಾದದ್ದು ಏಳಕ್ಕೆ ಸತ್ತರೆ ಹಸಿರು ಎಲೆಯ ಚಿತ್ರ ಹಾಕಿ ಏನು ಪ್ರಯೋಜನ? ಸತ್ತ ಮೇಲೆ ಆ ಗಾಜು, ಅಲ್ಯುಮಿನಿಯಂ, ಬೆಸುಗೆಯ ಸೀಸ ಎಲ್ಲಿಗೆ ಹೋಗಬೇಕು? 2022ರ ಇ-ತ್ಯಾಜ್ಯ ನಿಯಮಗಳು ಹಳೇ ಪ್ಯಾನಲ್ಲಿನ ಹೊಣೆಯನ್ನ ತಯಾರಕರ ಮೇಲೆ ಹಾಕಿವೆ, 2034-35ರವರೆಗೂ ಅದನ್ನ ಸಂಗ್ರಹಿಸಿ ಇಡಬೇಕು ಅಂತ. ಅಂಗಡಿ ಮುಚ್ಚಿ ಹೋದವನನ್ನ ಯಾರು ಹುಡುಕ್ತಾರೆ?

1995ರಲ್ಲಿ ಶುರುವಾದ ಸೆಲ್ಕೋ ನೋಡಿ. ಪ್ಯಾನಲ್ ತಾನು ಮಾಡಲಿಲ್ಲ, ಬೇರೆಯವರದ್ದು ಕೊಂಡಿತು. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ರಿಪೇರಿಗೆ ಹಳ್ಳಿಗೇ ಹುಡುಗನನ್ನ ಕಳಿಸಿ ಬೆಳೆಯಿತು. ಹರೀಶ್ ಹಂದೆಗೆ 2011ರಲ್ಲಿ ಮ್ಯಾಗ್ಸೆಸೆ ಬಂತು. ಹಿಂದೆ ತಿರುಗಿ ಬರುವವನೇ ಅಲ್ಲಿ ಬಂಡವಾಳ. ಪಾವಗಡದಂಥ 2,050 ಮೆಗಾವ್ಯಾಟ್ ಪಾರ್ಕಿಗೆ ನಮ್ಮ ಹುಡುಗ ಮಾರೋಕಾಗಲ್ಲ, ಅಲ್ಲಿ ಪೈಸೆ ಲೆಕ್ಕ. ಮನೆ ಮಾಳಿಗೆಗೂ ಸುಲಭವಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಸಿಗುವಾಗ ಯಾರು ದುಡ್ಡು ಹಾಕ್ತಾರೆ? ಆದರೆ ಹಿಟ್ಟಿನ ಗಿರಣಿ, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್, ಬೀಜದ ಗೋದಾಮು ಇವರಿಗೆಲ್ಲಾ ದೊಡ್ಡ ಬಿಲ್ ಬರ್ತದೆ. ಕೆಟ್ಟರೆ ಮಧ್ಯಾಹ್ನದೊಳಗೆ ಬರುವವನಿಗೆ ಅವರು ಎರಡು ರೂಪಾಯಿ ಹೆಚ್ಚು ಕೊಟ್ಟಾರು.

ಇದನ್ನೆಲ್ಲಾ ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದೆ. ಹೊಲ ಮಾರಬೇಡ, ಮೊದಲು ಒಂದು ವರ್ಷ ಯಾವುದಾದರೂ ಫ್ಯಾಕ್ಟರಿಯ ಲ್ಯಾಮಿನೇಟರ್ ಮುಂದೆ ನಿಂತು ಕೆಲಸ ಮಾಡು, ಆಮೇಲೆ ಹಳೇ ಪ್ಯಾನಲ್ ಪರೀಕ್ಷೆ ಮಾಡೋದು, ರಿಪೇರಿ, ಹೀಗೆ ಸಣ್ಣದರಿಂದ ಶುರು ಮಾಡು ಅಂದೆ. ಅವನಿಗೆ ಸಿಟ್ಟು ಬಂತು. "ನೀವೆಲ್ಲಾ ಬೆಂಗಳೂರ ಸೇರಿ ಪಗಾರ ತಗೊಂಡು ಆರಾಮ ಅದೀರಿ, ನಾವು ರಿಪೇರಿ ಮಾಡ್ಕೋತ ಇರಬೇಕಾ?" ಅಂದ. ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ.

ಬೆಳಿಗ್ಗೆ ಅಣ್ಣ ಫೋನ್ ಮಾಡಿದ್ದ. ಹುಡುಗ ಮಾಳಿಗೆ ಹತ್ತಿ ಅಪ್ಪನ ಕಾಲದ ಪ್ಯಾನಲ್ ಕೆಳಗಿಳಿಸಿ, ಹಿಂದಿನ ಹಾಳೆ ಬಿಚ್ಚಿಕೊಂಡು ಕೂತಿದ್ದಾನಂತೆ. ಹೊಲದ ಮಾತು ಎತ್ತಿಲ್ಲವಂತೆ.