ಬಿಲ್ಲಿಗೆ ಮಾತ್ರ ಸಬ್ಸಿಡಿ, ಮೋಟಾರಿಗೆ ಏಕಿಲ್ಲ?

ಕಾಶಿಯಾತ್ರೆಗೆ ಹೊರಡುವ ಮುಂಬಯಿಯ ಕನ್ನಡ ಸಂಘಗಳ ತಂಡಗಳು ವಿಶ್ವನಾಥನ ದರ್ಶನ, ಗಂಗಾರತಿ ಮುಗಿಸಿ ಸುಮಾರು ಹತ್ತು ಕಿಲೋಮೀಟರ್ ದೂರದ ಸಾರನಾಥಕ್ಕೂ ಹೋಗಿ ಬರುವುದು ವಾಡಿಕೆ. ಧಮೇಕ್ ಸ್ತೂಪಕ್ಕೆ ಸುತ್ತು ಬಂದು, ವಸ್ತುಸಂಗ್ರಹಾಲಯದಲ್ಲಿ ಅಶೋಕನ ಸಿಂಹಗಳನ್ನು ನೋಡಿ ಹೊರಬಂದವರನ್ನು ಆಟೋದವನು ಸೀರೆ ಅಂಗಡಿಗೆ ಕರೆದೊಯ್ಯದೆ ಬಿಡುವುದಿಲ್ಲ. ಅಂಗಡಿಯವರು ತೋರಿಸುವುದು ಕೈಮಗ್ಗವನ್ನು. ಆದರೆ ಬನಾರಸಿ ಹೆಸರಿನಲ್ಲಿ ಮಾರಾಟವಾಗುವ ಸೀರೆಗಳಲ್ಲಿ ಬಹಳಷ್ಟು ಇಂದು ತಯಾರಾಗುವುದು ವಿದ್ಯುತ್ ಮಗ್ಗಗಳಲ್ಲಿ. ಅಲ್ಲಿಗೆ ಹೋಗುವ ರೇಷ್ಮೆ ನೂಲಿನಲ್ಲಿ ಕರ್ನಾಟಕದ್ದೂ ಇದೆ. ಸೀರೆಯ ಅಂಚು, ಜರಿ ಎಲ್ಲವನ್ನೂ ಕಣ್ಣಿಟ್ಟು ನೋಡುವವರು ಆ ಮಗ್ಗವನ್ನು ಓಡಿಸುವ ಪುಟ್ಟ ಮೋಟಾರನ್ನು ನೋಡುವುದಿಲ್ಲ. ನೇಕಾರನ ಸಂಪಾದನೆ ಸೋರುವುದು ಮಾತ್ರ ಅಲ್ಲಿಯೇ.

ಸಾಮಾನ್ಯವಾದ ಒಂದು ಎಚ್‌ಪಿ ಮೋಟಾರನ್ನು ತೆಗೆದುಕೊಳ್ಳಿ. ಐಇ1 ಎಂಬ ಹಳೆಯ ದರ್ಜೆಯದಾದರೆ 100 ಯೂನಿಟ್ ಎಳೆದು ಸುಮಾರು 72 ಯೂನಿಟ್‌ನ ಕೆಲಸ ಕೊಡುತ್ತದೆ. ಮಿಕ್ಕಿದ್ದು ಶಾಖ. ಐಇ3 ದರ್ಜೆಯದು 82 ಯೂನಿಟ್‌ಗೂ ಮಿಕ್ಕಿದ ಕೆಲಸ ಕೊಡುತ್ತದೆ. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ಪೂರ್ಣ ಭಾರದಲ್ಲಿ ಓಡಿದರೆ ಒಂದು ಮೋಟಾರಿನಿಂದ ಸುಮಾರು 470 ಯೂನಿಟ್ ಉಳಿತಾಯ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ನಾಲ್ಕು ಮಗ್ಗಗಳ ಮನೆಗೆ ವರ್ಷಕ್ಕೆ 13 ಸಾವಿರ ರೂಪಾಯಿ. ಮಗ್ಗ ಸದಾ ಪೂರ್ಣ ಭಾರದಲ್ಲಿ ಓಡುವುದಿಲ್ಲ ಎಂದು ಅರ್ಧ ಕಳೆದರೂ ಮಕ್ಕಳ ಶಾಲೆಯ ಫೀಜಿಗಾಗುವಷ್ಟು ಹಣ ಉಳಿಯುತ್ತದೆ. ಇನ್ನು ಸುಟ್ಟ ಮೋಟಾರನ್ನೇ ಮತ್ತೆ ಮತ್ತೆ ರಿವೈಂಡಿಂಗ್ ಮಾಡಿಸುವವರಿದ್ದಾರೆ. ಹಳೆಯ ತಂತಿ ತೆಗೆಯಲು ಬೆಂಕಿಗೆ ಹಿಡಿದಾಗ ಒಳಗಿನ ಕಬ್ಬಿಣದ ಪದರಗಳು ಕೆಡುತ್ತವೆ. ಮೋಟಾರು ತಿರುಗುತ್ತದೆ ನಿಜ, ಮೊದಲಿಗಿಂತ ಹೆಚ್ಚು ಕರೆಂಟ್ ತಿನ್ನುತ್ತದೆ.

ಇಷ್ಟು ಸರಳ ಲೆಕ್ಕ ನೇಕಾರನಿಗೆ ತಿಳಿಯದೇ? ತಿಳಿಯುತ್ತದೆ. ಆದರೆ ಅವನ ಬಿಲ್ಲಿನ ಲೆಕ್ಕವೇ ಬೇರೆ. ಉತ್ತರ ಪ್ರದೇಶದಲ್ಲಿ 2006ರಿಂದ ವಿದ್ಯುತ್ ಮಗ್ಗಗಳಿಗೆ ಮಗ್ಗಕ್ಕಿಷ್ಟು ಎಂಬ ನಿಗದಿತ ದರವಿತ್ತು. 2019ರ ಕೊನೆಯಲ್ಲಿ ಸರಕಾರ ಅದನ್ನು ಕೈಬಿಟ್ಟು ಮೀಟರಿನ ಲೆಕ್ಕಕ್ಕೆ ಬರಲು ಹೊರಟಾಗ ವಾರಾಣಸಿಯ ನೇಕಾರರು 2020ರಲ್ಲಿ ಮಗ್ಗ ನಿಲ್ಲಿಸಿ ಮುಷ್ಕರ ಹೂಡಿದರು. 2023ರಲ್ಲಿ ಹೆಚ್ಚಿನ ದರದೊಂದಿಗೆ ನಿಗದಿತ ಪದ್ಧತಿಯೇ ಮರಳಿತು. ನೇಕಾರರ ಭಯ ಸುಳ್ಳಲ್ಲ, ಕೂಲಿ ಅಷ್ಟು ಕಡಿಮೆ. ಆದರೆ ಈ ಪದ್ಧತಿಯಲ್ಲಿ ಹೊಸ ಮೋಟಾರು ಹಾಕಿದವನಿಗೂ ಹಳೆಯದನ್ನೇ ಓಡಿಸುವವನಿಗೂ ಒಂದೇ ಬಿಲ್ಲು. ಸಾಲ ನೇಕಾರನ ತಲೆಗೆ, ಉಳಿದ ಯೂನಿಟ್ ವಿದ್ಯುತ್ ನಿಗಮದ ಜಮೆಗೆ. ಹೀಗಿರುವಾಗ ಅವನೇಕೆ ಮೋಟಾರು ಬದಲಿಸಿಯಾನು? ಕರ್ನಾಟಕದಲ್ಲೂ 2023ರಲ್ಲಿ 10 ಎಚ್‌ಪಿವರೆಗಿನ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ಉಚಿತವೆಂದು ಘೋಷಣೆಯಾಯಿತು. ಆ ಮಿತಿಯೊಳಗೆ ಇರುವವರಿಗೆ ಉಳಿತಾಯದ ಮಾತು ರುಚಿಸುವುದು ಕಷ್ಟ.

ಉಳಿತಾಯದ ಲಾಭ ಯಾರಿಗೋ ಅವರೇ ಮೋಟಾರಿನ ಖರ್ಚನ್ನೂ ಹೊರಬೇಕು. ವರ್ಷ ವರ್ಷವೂ ಬಿಲ್ಲಿಗೆ ಸುರಿಯುವ ಸಬ್ಸಿಡಿಯಲ್ಲಿ ಒಂದು ಪಾಲನ್ನು ಒಮ್ಮೆ ಮೋಟಾರಿಗೆ ಕೊಟ್ಟರೆ ಮುಂದಿನ ವರ್ಷಗಳ ಸಬ್ಸಿಡಿಯೇ ಇಳಿಯುತ್ತದೆ. ಇದೇನೂ ಕೇಳರಿಯದ ಮಾತಲ್ಲ. 2017ರ ಅಕ್ಟೋಬರಿನಲ್ಲಿ ಕೇಂದ್ರದ ಜವಳಿ ಮತ್ತು ವಿದ್ಯುತ್ ಸಚಿವಾಲಯಗಳು ‘ಸಾಥಿ’ ಯೋಜನೆಯನ್ನು ಪ್ರಕಟಿಸಿದ್ದವು. ಸರಕಾರಿ ಸಂಸ್ಥೆ ಈಇಎಸ್‌ಎಲ್ ಮಗ್ಗ, ಮೋಟಾರುಗಳನ್ನು ಸಗಟಾಗಿ ಕೊಂಡು ಮುಂಗಡವಿಲ್ಲದೆ ಸಣ್ಣ ಘಟಕಗಳಿಗೆ ಕೊಡುವುದು, ಹಣವನ್ನು ನಾಲ್ಕೈದು ವರ್ಷಗಳ ಕಂತಿನಲ್ಲಿ ಪಡೆಯುವುದು ಅದರ ಕ್ರಮ. ಮೊದಲು ಹೆಸರಿಸಿದ್ದು ಈರೋಡ್, ಸೂರತ್, ಇಚಲಕರಂಜಿಗಳನ್ನು. ಇಚಲಕರಂಜಿ ಬೆಳಗಾವಿ ಗಡಿಗೆ ಹತ್ತಿರದ ಊರು. ಆದರೆ ಕಂತು ಕಟ್ಟಲು ಬಿಲ್ಲಿನಲ್ಲಿ ಉಳಿತಾಯ ಕಾಣಿಸಬೇಕಲ್ಲ! ನಿಗದಿತ ದರವಿದ್ದಲ್ಲಿ ಆ ಕಂತನ್ನು ವಿದ್ಯುತ್ ನಿಗಮವೇ ಕಟ್ಟಬೇಕಾಗುತ್ತದೆ.

ಮುಂಬಯಿ ಕನ್ನಡಿಗರಿಗೆ ಇದು ದೂರದ ಸುದ್ದಿಯೇನೂ ಅಲ್ಲ. ಡೊಂಬಿವಲಿ, ಅಂಬರ್‌ನಾಥ್, ಭಿವಂಡಿಗಳಲ್ಲಿ ಸಣ್ಣ ಕಾರ್ಖಾನೆ ನಡೆಸುವವರು, ಬೆಳಗ್ಗಿನಿಂದ ರಾತ್ರಿಯವರೆಗೆ ಗ್ರೈಂಡರ್, ಎಕ್ಸಾಸ್ಟ್ ಫ್ಯಾನ್ ಓಡಿಸುವ ಹೋಟೆಲಿನವರು ಸಂಘಗಳಲ್ಲಿ ಬೇಕಾದಷ್ಟಿದ್ದಾರೆ. ಹೋಟೆಲಿನವರಿಗಂತೂ ನಿಗದಿತ ದರದ ನೆರಳಿಲ್ಲ, ಯೂನಿಟ್ ಉಳಿದರೆ ಹಣ ಅವರದೇ. ಹೀಗಿದ್ದರೂ ಮೋಟಾರು ಸುಟ್ಟಾಗ ಮೊದಲು ನೆನಪಾಗುವುದು ರಿವೈಂಡಿಂಗ್ ಅಂಗಡಿ. ಏಕೆಂದರೆ ಹೊಸದಕ್ಕೆ ಒಮ್ಮೆಲೇ ದುಡ್ಡು ಹೊಂದಿಸಬೇಕು. ಮದುವೆಗೆ, ವಾಹನಕ್ಕೆ ಸಾಲ ಕೊಡುವ ಸಮಾಜದ ಪತ್ತಿನ ಸೊಸೈಟಿಗಳು ಮೋಟಾರಿಗೂ ಒಂದು ಸಣ್ಣ ಸಾಲವನ್ನು ಏರ್ಪಡಿಸಬಹುದು. ಆದರೆ ಒಂದು ಷರತ್ತು ಇರಲಿ: ಹಳೆಯ ಮೋಟಾರು ಗುಜರಿಗೆ ಹೋದ ರಸೀದಿ ತಂದ ಮೇಲೆಯೇ ಹಣ. ಇಲ್ಲವಾದರೆ ಅದೇ ಮೋಟಾರು ಸೆಕೆಂಡ್ ಹ್ಯಾಂಡ್ ಆಗಿ ಇನ್ನೊಬ್ಬ ಬಡವನ ಮಗ್ಗಕ್ಕೆ ಹೋಗಿ ಕೂರುತ್ತದೆ.